ನೆಲದಿಂದ ಹತ್ತಡಿ: ಹಳೇ ಬಡಾವಣೆಯ ಹೊಸ ಅಪಾರ್ಟ್‌ಮೆಂಟುಗಳು

ಬೆಂಗಳೂರಿನ ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ಒಂದು ಹಳೇ ಮನೆ ಉರುಳಿ ಅದೇ ಸೈಟಿನಲ್ಲಿ ‘ಸ್ಟಿಲ್ಟ್ ಪ್ಲಸ್ ಫೋರ್’ ಎದ್ದು ನಿಂತರೆ ಅಕ್ಕಪಕ್ಕದವರ ಬಾಯಲ್ಲಿ ಮೊದಲು ಬರುವ ಮಾತು, ‘ಎಷ್ಟು ಎತ್ತರ ಎಬ್ಬಿಸಿಬಿಟ್ರು ನೋಡಿ’. ಆಮೇಲೆ ಬರುವುದು ‘ಗಾಳಿ ಬೆಳಕು ಹೋಯ್ತು’, ‘ನಮ್ಮ ಏರಿಯಾನೇ ಹಾಳಾಯ್ತು’. ಈ ಮಾತುಗಳಲ್ಲಿ ನೋವಿದೆ, ಸಾಕಷ್ಟು ಸತ್ಯವೂ ಇದೆ. ಆದರೆ ಕಟ್ಟಡ ನಿಜವಾಗಿ ಎಲ್ಲಿ ಸೋತಿದೆ ಎಂಬುದು ಅವುಗಳಿಗೆ ಸಿಕ್ಕಿಲ್ಲ. ನಾವು ತಲೆಯೆತ್ತಿ ಮಹಡಿ ಎಣಿಸುತ್ತ ನಿಲ್ಲುತ್ತೇವೆ. ಈ ಕಟ್ಟಡಗಳು ಕೆಟ್ಟಿರುವುದು ನೆಲದಿಂದ ಮೊದಲ ಹತ್ತಡಿಯಲ್ಲಿ.

ಹಳೇ ಮನೆಗಳು ಯಾಕೆ ಉರುಳುತ್ತಿವೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಜನ ತುಂಬಿದ ಬಡಾವಣೆಗಳಿವು. ಪೇಟೆಯ ಇಕ್ಕಟ್ಟಿಗೆ ಹೆದರಿ ಬಂದವರಿಗೆ ಗಾಳಿ, ಅಗಲವಾದ ರಸ್ತೆ, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಿಡ ನೆಡಲು ಅಂಗಳ ಸಿಕ್ಕವು. ಒಂದು ಮನೆಯಲ್ಲಿ ಒಂದು ದೊಡ್ಡ ಸಂಸಾರ ಇರುತ್ತದೆ ಎಂಬ ನಂಬಿಕೆಯ ಮೇಲೆ ಆ ಸೈಟುಗಳನ್ನು ಅಳೆದಿದ್ದರು. ಇಂದು ಅದೇ ಮನೆಗೆ ನಾಲ್ಕು ಪಾಲುದಾರರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಬಂದಿದೆ, ಬರಬೇಕಾದದ್ದೇ. ಹೆಂಚಿನ ಮನೆಯನ್ನು ನಾಲ್ಕು ಭಾಗ ಮಾಡಿ ಬದುಕಲಾಗದು, ಫ್ಲ್ಯಾಟುಗಳನ್ನು ಹಂಚಿಕೊಳ್ಳಬಹುದು. ಬಿಲ್ಡರ್ ಜೊತೆ ಜಾಯಿಂಟ್ ಡೆವಲಪ್‌ಮೆಂಟಿಗೆ ಸಹಿ ಹಾಕಿದರೆ ಕೈಯಿಂದ ದುಡ್ಡು ಹಾಕದೆ ಎಲ್ಲರಿಗೂ ಒಂದೊಂದು ಮನೆ. ಮಂಡಿನೋವಿನ ತಾಯಿಗೆ ಲಿಫ್ಟು, ಬೀಗ ಹಾಕಿಕೊಂಡು ಮಗಳ ಊರಿಗೆ ಹೋಗುವ ನೆಮ್ಮದಿ. ಇದನ್ನು ದುರಾಸೆ ಎಂದು ಕರೆಯುವವರ ಜೊತೆ ನಾನಿಲ್ಲ.

ಅಪಾರ್ಟ್‌ಮೆಂಟ್ ಎಂಬುದೇ ಹಳೇ ಬಡಾವಣೆಗೆ ಒಗ್ಗದ ವಸ್ತು ಎನ್ನುವವರು ಮುಂಬಯಿಯ ಮಾಟುಂಗಾ ನೋಡಬೇಕು. ಅಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗಿನ ನಂತರ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್–ಮಾಟುಂಗಾ ಬಡಾವಣೆ ಅದರ ಕೆಲಸ. ಅಂದರೆ ಮಲ್ಲೇಶ್ವರಕ್ಕೆ ಜನ ತುಂಬಿಸಿದ ರೋಗವೇ ಮಾಟುಂಗಾಕ್ಕೂ ಕಾರಣ. ಆದರೆ ಅಲ್ಲಿ ಎದ್ದದ್ದು ಬಂಗಲೆಗಳಲ್ಲ, ಹಲವು ಸಂಸಾರಗಳ ಎರಡು ಮೂರು ಮಹಡಿಯ ಕಟ್ಟಡಗಳು. ದಕ್ಷಿಣದಿಂದ ಹೋದವರು, ನಮ್ಮ ಕನ್ನಡಿಗರೂ ಸೇರಿ, ಅಲ್ಲಿ ತಲೆಮಾರುಗಳಿಂದ ಬಾಳಿದ್ದಾರೆ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದೂ ಮಾಟುಂಗಾದಲ್ಲೇ. ಆ ಬೀದಿಗಳಲ್ಲಿ ಕೆಳಗಿನ ಅಂತಸ್ತಿನಲ್ಲಿ ಮನೆಗಳಿವೆ, ಅಂಗಡಿಗಳಿವೆ, ಕಾಫಿ ಹೋಟೆಲುಗಳಿವೆ. ಬಾಲ್ಕನಿಯಲ್ಲಿ ನಿಂತವರು ರಸ್ತೆಯಲ್ಲಿ ಹೋಗುವವರ ಜೊತೆ ಮಾತಾಡುವಷ್ಟು ಹತ್ತಿರವಿದ್ದಾರೆ.

ನಮ್ಮ ಹೊಸ ಕಟ್ಟಡಗಳಲ್ಲಿ ಆ ಕೆಳಗಿನ ಅಂತಸ್ತೇ ಇಲ್ಲ. ಅದಕ್ಕೆ ಕಾರಣ ಲೆಕ್ಕದಲ್ಲಿದೆ. 60×40 ಸೈಟು ಎಂದರೆ 2,400 ಚದರಡಿ. 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’ ಇಷ್ಟು ಸಣ್ಣ ಸೈಟಿಗೆ ಕೊಟ್ಟ ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದೆಂಬ ಅಳತೆ) 1.75, ಒಟ್ಟು 4,200 ಚದರಡಿ ಕಟ್ಟಬಹುದು. ಪಾರ್ಕಿಂಗ್ ಜಾಗ ಈ ಲೆಕ್ಕಕ್ಕೆ ಸೇರುವುದಿಲ್ಲ, ಫ್ಲ್ಯಾಟುಗಳಿಗೆ ಪಾರ್ಕಿಂಗ್ ತೋರಿಸದಿದ್ದರೆ ಪ್ಲಾನೂ ಸ್ಯಾಂಕ್ಷನ್ ಆಗುವುದಿಲ್ಲ. ಹಾಗಾಗಿ ಕೆಳಗಡೆ ಒಂದು ಕೋಣೆ ಕಟ್ಟಿದರೆ ಮೇಲೆ ಅಷ್ಟು ಜಾಗ ನಷ್ಟ. ಕಾರು ನಿಲ್ಲಿಸಿದರೆ ಏನೂ ನಷ್ಟವಿಲ್ಲ. ಬಿಲ್ಡರ್ ಇಡೀ ನೆಲವನ್ನು ಕಂಬಗಳ ಮೇಲೆತ್ತಿ ಕಾರಿಗೆ ಬಿಡುತ್ತಾನೆ. ಇನ್ನು, ಕಟ್ಟಡದ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ನುಂಗಿ ಮಹಡಿಗೆ ಎರಡೆರಡು ಫ್ಲ್ಯಾಟ್ ಹೊಂದಿಸುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಸಕ್ರಮ ಮಾಡಲು ಹೊರಟ ಅಕ್ರಮ–ಸಕ್ರಮ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಕಟ್ಟುವುದಂತೂ ನಿಂತಿಲ್ಲ.

ಇಂಥ ಒಂದು ಕಟ್ಟಡದ ಮುಂದೆ ನಿಧಾನವಾಗಿ ನಡೆದು ನೋಡಿ. ಮಳೆನೀರು ಒಳಗೆ ಬರಬಾರದೆಂದು ಸ್ಟಿಲ್ಟಿನ ನೆಲವನ್ನು ರಸ್ತೆಗಿಂತ ಒಂದೂವರೆ ಎರಡು ಅಡಿ ಎತ್ತರಿಸಿರುತ್ತಾರೆ. ಕಾರು ಹತ್ತಬೇಕಾದರೆ ಇಳಿಜಾರು ಬೇಕು. ಅದಕ್ಕೆ ಬೇಕಾದ ಆರೆಂಟು ಅಡಿಯನ್ನು ಸೈಟಿನ ಒಳಗೇ ಬಿಡಬೇಕಿತ್ತು, ಬಿಟ್ಟಿಲ್ಲ. ಗೀರು ಹಾಕಿದ ಗ್ರಾನೈಟಿನ ರ‍್ಯಾಂಪು ಗೇಟಿನಿಂದ ಶುರುವಾಗಿ ಮೋರಿಯ ಚಪ್ಪಡಿ ದಾಟಿ, ಫುಟ್‌ಪಾತನ್ನು ಅಡ್ಡಗಟ್ಟಿ ರಸ್ತೆಯ ಡಾಂಬರಿಗೆ ಬಂದು ಮುಟ್ಟುತ್ತದೆ. ಪಕ್ಕದ ಕಟ್ಟಡದ ರ‍್ಯಾಂಪು ಇನ್ನೊಂದು ಎತ್ತರದಲ್ಲಿ. ಕೋಲೂರಿ ನಡೆಯುವವರು ಹತ್ತಿ ಇಳಿಯಲಾಗದೆ ರಸ್ತೆಗೇ ಇಳಿಯುತ್ತಾರೆ, ಸ್ಕೂಟರುಗಳ ನಡುವೆ. ಮೋರಿಯಲ್ಲಿ ಕಟ್ಟಿದ ಕಸ ರ‍್ಯಾಂಪಿನ ಅಡಿಯಲ್ಲಿ ಸಿಕ್ಕಿಕೊಂಡರೆ ಪೌರಕಾರ್ಮಿಕರ ಕೈಗೂ ಎಟುಕುವುದಿಲ್ಲ. ಮೇ ತಿಂಗಳ ಒಂದೇ ಮಳೆಗೆ ನೀರು ರಸ್ತೆಯಲ್ಲಿ ನಿಲ್ಲುತ್ತದೆ. ಗೇಟಿನ ಒಳಗೆ ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಕಾರುಗಳ ಹಜಾರ, ಮೀಟರ್ ಬೋರ್ಡು, ಸಂಪಿನ ಮುಚ್ಚಳ. ಆ ಮಟ್ಟದಲ್ಲಿ ವಾಸ ಮಾಡುವವರೆಂದರೆ ವಾಚ್‌ಮನ್ ಸಂಸಾರ ಮಾತ್ರ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಎಷ್ಟೋ ಕಟ್ಟಡಗಳಲ್ಲಿ ಆ ಕೋಣೆಗೆ ಕಿಟಕಿಯಿಲ್ಲ. ಇಟಾಲಿಯನ್ ಮಾರ್ಬಲ್ಲಿಗೆ ದುಡ್ಡಿರುವ ಕಟ್ಟಡದಲ್ಲಿ ಒಂದು ಕಿಟಕಿಗೆ ಜಾಗವಿಲ್ಲದಿರುವುದು ವಿನ್ಯಾಸದ ಸೋಲಷ್ಟೇ ಅಲ್ಲ, ಮನುಷ್ಯತ್ವದ ಸೋಲು. ಅಕ್ಕಪಕ್ಕದವರ ದೂರುಗಳಲ್ಲಿ ಇದೊಂದು ಮಾತ್ರ ಎಂದೂ ಬರುವುದಿಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ.

ಹಳೇ ಮನೆಯ ಜಗುಲಿ ಶ್ರೀಮಂತವೇನೂ ಆಗಿರಲಿಲ್ಲ. ಎರಡಡಿ ಎತ್ತರ, ಮೂರಡಿ ಅಗಲ, ರೆಡ್ ಆಕ್ಸೈಡ್ ನೆಲ. ಹೂವಿನವಳು ಬುಟ್ಟಿ ಇಳಿಸಿ ಮೊಳ ಹಾಕುತ್ತಿದ್ದದ್ದು, ಪೋಸ್ಟ್‌ಮ್ಯಾನ್ ಸಹಿ ಹಾಕಿಸುತ್ತಿದ್ದದ್ದು ಅಲ್ಲಿ. ರಸ್ತೆಗೂ ಮನೆಗೂ ನಡುವೆ ಯಾರದೂ ಅಲ್ಲದ, ಇಬ್ಬರದೂ ಆದ ಜಾಗ ಅದು. ಅಷ್ಟನ್ನು ಹೊಸ ಕಟ್ಟಡದಲ್ಲಿ ಉಳಿಸಿಕೊಳ್ಳುವುದು ಅಸಾಧ್ಯವಲ್ಲ: ರಸ್ತೆ ಕಡೆಗೆ ಹತ್ತಡಿ ಹನ್ನೆರಡಡಿಯ ಒಂದು ಕೋಣೆ, ಅದಕ್ಕೊಂದು ಮೆಟ್ಟಿಲು, ಮೆಟ್ಟಿಲ ಪಕ್ಕ ಕೂರಲು ಒಂದು ಕಟ್ಟೆ. ಒಂದು ಕಾರಿನ ಜಾಗ ಹೋಗುತ್ತದೆ, ಹೋಗಲಿ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣ 2014ರಿಂದಲೇ ಇದೆ. ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಕ್ರಾಸುಗಳಲ್ಲೂ ಪ್ರತಿ ಫ್ಲ್ಯಾಟಿಗೆ ಕಾರಿನ ಜಾಗ ಕಡ್ಡಾಯ ಮಾಡುವ ನಿಯಮವನ್ನು ಬದಲಿಸಲೇಬೇಕು.

ಬೆಳಕಿನ ದೂರನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಆ ದೂರು ಎಲ್ಲರದೂ ಒಂದೇ ಅಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ; ಸಂಡಿಗೆ ಒಣಹಾಕುವ ಕಾಲಕ್ಕೆ ಆ ಹೊತ್ತಿನ ಬಿಸಿಲನ್ನು ಪಕ್ಕದ ಕಟ್ಟಡ ಅಷ್ಟಾಗಿ ತಡೆಯದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ಆಗ 15 ಮೀಟರ್ ಎತ್ತರದ ಕಟ್ಟಡದ ನೆರಳು ಮಧ್ಯಾಹ್ನವೂ ಉತ್ತರಕ್ಕೆ ಸುಮಾರು 11 ಮೀಟರ್, ಅಂದರೆ 36 ಅಡಿ ಚಾಚುತ್ತದೆ. ನಿಜವಾಗಿ ಬಿಸಿಲು ಕಳೆದುಕೊಳ್ಳುವವರು ಉತ್ತರದ ಮನೆಯವರು, ಅದೂ ಬಿಸಿಲು ಹೆಚ್ಚು ಬೇಕಾದ ಚಳಿಗಾಲದಲ್ಲಿ. ನಮ್ಮ ಸೆಟ್‌ಬ್ಯಾಕ್ ನಿಯಮ ಸೈಟಿನ ಅಳತೆ ನೋಡುತ್ತದೆ, ಕಟ್ಟಡದ ಎತ್ತರ ನೋಡುತ್ತದೆ, ದಿಕ್ಕು ನೋಡುವುದಿಲ್ಲ. ಅಡುಗೆಮನೆ ಆಗ್ನೇಯದಲ್ಲೇ ಇರಬೇಕೆಂದು ಹಟ ಹಿಡಿಯುವ ನಾವು ಪಕ್ಕದ ಮನೆಯ ದಿಕ್ಕನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬಹುದು. ಮೇಲಿನ ಎರಡು ಮಹಡಿಗಳನ್ನು ಉತ್ತರದ ಅಂಚಿನಿಂದ ಒಳಕ್ಕೆ ಸರಿಸಿದರೆ ಅದೇ ಜಾಗ ಮೇಲಿನವರಿಗೆ ತಾರಸಿಯಾಗುತ್ತದೆ, ಕೆಳಗಿನವರಿಗೆ ಬಿಸಿಲಾಗುತ್ತದೆ.

ಇನ್ನು ಎಲಿವೇಷನ್. ಬೂದು ಬಣ್ಣ, ಮರದಂತೆ ಕಾಣುವ ಟೈಲ್ಸು, ಎಸಿಪಿ ಶೀಟು, ಬಾಲ್ಕನಿಗೆ ಗಾಜಿನ ಕಟಾಂಜನ. ಗಾಜಿನ ಹಿಂದೆ ಬಟ್ಟೆ ಒಣಹಾಕಲು ಸಂಕೋಚವಾಗಿ, ಆರು ತಿಂಗಳಲ್ಲಿ ಬಿದಿರಿನ ಚಿಕ್ ಪರದೆ ಇಳಿಬಿಡುತ್ತಾರೆ. ಇದಕ್ಕೆ ಪ್ರತಿಯಾಗಿ ಹಳಬರು ಕೇಳುವುದು ‘ಸ್ವಲ್ಪ ನಮ್ಮ ಹಳೇ ಸ್ಟೈಲಲ್ಲಿ ಮಾಡಬಾರದಾ’ ಎಂದು. ಕೆಲವು ಬಿಲ್ಡರುಗಳು ನಾಲ್ಕನೇ ಮಹಡಿಯ ನೆತ್ತಿಗೆ ಮಂಕಿ ಟಾಪ್ ಅಂಟಿಸಿ ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಮಂಕಿ ಟಾಪ್ ಇದ್ದದ್ದು ಕಿಟಕಿಗೆ ನೆರಳು ಕೊಡಲು, ಮರದ ಪಟ್ಟಿಗಳ ಸಂದಿಯಿಂದ ಗಾಳಿ ಬಿಡಲು, ಒಳಗಿನವರನ್ನು ಮರೆಮಾಡಲು. ಕಿಟಕಿಯೇ ಇಲ್ಲದ ಗೋಡೆಯ ಮೇಲೆ ಅದು ಬರೀ ವೇಷ. ಅದರ ಕೆಲಸವನ್ನು ಉಳಿಸಿಕೊಳ್ಳಿ: ಆಳವಾದ ಸಜ್ಜಾ, ಬಾಲ್ಕನಿಗೆ ಅರ್ಧ ಎತ್ತರದ ಗೋಡೆ, ಪಕ್ಕದ ಮನೆಯ ಕಡೆಗೆ ಪಟ್ಟಿ ಜಾಲಿ. ಮುಖ್ಯವಾಗಿ, ಬಚ್ಚಲ ವೆಂಟಿಲೇಟರು, ವಾಷಿಂಗ್ ಮಷೀನಿನ ಯುಟಿಲಿಟಿ, ಎಸಿಯ ಹೊರಪೆಟ್ಟಿಗೆಗಳನ್ನು ಪಕ್ಕದವರ ದೇವರಮನೆ ಕಿಟಕಿಗೆ ಎದುರಾಗಿ ಇಡದಿದ್ದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ವಿನ್ಯಾಸದ ಹೆಸರಿನಲ್ಲಿ ಬರುವ ಒಂದು ಮಾತು ಮಾತ್ರ ವಿನ್ಯಾಸದ್ದಲ್ಲ. ‘ಯಾರ‍್ಯಾರೋ ಬರ್ತಾರೆ ಈಗ’ ಎಂಬ ಮಾತು ಅದು. ಏನು ತಿನ್ನುವವರು, ಯಾವ ಜಾತಿಯವರು, ಮದುವೆಯಾದವರೋ ಇಲ್ಲವೋ ಎಂಬ ಪ್ರಶ್ನೆಗಳು ಅದರ ಹಿಂದಿವೆ. ಒಂದು ಕಾಲಕ್ಕೆ ಈ ಬಡಾವಣೆಗಳಿಗೂ ಎಲ್ಲರೂ ಹೊರಗಿನಿಂದಲೇ ಬಂದದ್ದು. ಕಟ್ಟಡವನ್ನು ತೂಗಿ ನೋಡುವಾಗ ಈ ಮಾತನ್ನು ಹೊರಗಿಡಬೇಕು, ಇಲ್ಲದಿದ್ದರೆ ನ್ಯಾಯವಾದ ದೂರುಗಳ ಬೆಲೆಯೂ ಇಳಿಯುತ್ತದೆ.

ನ್ಯಾಯವಾದ ದೂರುಗಳಿಗೂ ಕೇಳುವ ಕಿವಿ ಎಲ್ಲಿದೆ? ಪ್ಲಾನ್ ಸ್ಯಾಂಕ್ಷನ್ ಆಗುವಾಗ ಪಕ್ಕದ ಮನೆಯವರಿಗೆ ನಕ್ಷೆ ತೋರಿಸಿ ಅಭಿಪ್ರಾಯ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವರಿಗೆ ಕಟ್ಟಡ ಕಾಣುವುದು ಮೋಲ್ಡ್ ಬಿದ್ದ ಮೇಲೆ. ಆಗ ಉಳಿಯುವುದು ಅರ್ಜಿ ಮಾತ್ರ, ಅರ್ಜಿಗೆ ಬೆಲೆ ಬರುವುದು ಡೀವಿಯೇಷನ್ ಇದ್ದರೆ ಮಾತ್ರ. ಹಾಗಾಗಿಯೇ ಬೀದಿಯ ಸಂಕಟವೆಲ್ಲ ಮಹಡಿ ಎಷ್ಟು, ಸೆಟ್‌ಬ್ಯಾಕ್ ಎಷ್ಟು ಎಂಬ ಲೆಕ್ಕದ ಭಾಷೆಗೆ ಇಳಿದಿದೆ. ರ‍್ಯಾಂಪು, ಕಟ್ಟೆ, ಉತ್ತರದ ಬಿಸಿಲು, ಕಿಟಕಿ ಇವುಗಳ ಬಗ್ಗೆ ಬರೆಯಲು ಅರ್ಜಿಯಲ್ಲಿ ಕಾಲಂ ಇಲ್ಲ.

ಹಾಗಂತ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ಅಪ್ಪನ ಮನೆಯನ್ನು ಜಾಯಿಂಟ್ ಡೆವಲಪ್‌ಮೆಂಟಿಗೆ ಕೊಡಲು ಹೊರಟವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಅಗ್ರಿಮೆಂಟಿನ ಕೊನೆಯಲ್ಲಿ ಸ್ಪೆಸಿಫಿಕೇಷನ್ ಎಂದು ಒಂದೆರಡು ಪುಟ ಇರುತ್ತದೆ. ಬಾಗಿಲಿಗೆ ಯಾವ ಮರ, ನಲ್ಲಿಗೆ ಯಾವ ಕಂಪನಿ ಎಂದು ಬಿಲ್ಡರ್ ಅಲ್ಲಿ ಬರೆದುಕೊಟ್ಟಿರುತ್ತಾನೆ. ಸಹಿ ಹಾಕುವ ಮೊದಲು ಅಲ್ಲಿ ಮೂರು ಸಾಲು ಸೇರಿಸಿ. ರ‍್ಯಾಂಪು ಕಾಂಪೌಂಡಿನ ಒಳಗೇ ಶುರುವಾಗಿ ಒಳಗೇ ಮುಗಿಯಬೇಕು. ರಸ್ತೆಯ ಕಡೆ ಒಂದು ಕೋಣೆ, ಒಂದು ಕಟ್ಟೆ ಇರಬೇಕು. ವಾಚ್‌ಮನ್ ಕೋಣೆಗೆ ಕಿಟಕಿ ಇರಬೇಕು. ನಕ್ಷೆ ಪಾಲಿಕೆಗೆ ಹೋಗುವ ಮೊದಲು ಅದರ ಒಂದು ಪ್ರತಿ ಹಿಡಿದು ಉತ್ತರದ ಮನೆಯವರ ಬಾಗಿಲು ತಟ್ಟಿ.