ಅಮೀರ್ ಅಲಿಯ ಕಥೆ: ಲಂಡನ್ನಿನ ಓದು, ಕಲಬುರಗಿಯ ಓದು

1839ರಲ್ಲಿ ಲಂಡನ್ನಿನ ರಿಚರ್ಡ್ ಬೆಂಟ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಆ ಕಾಲದ ಇಂಗ್ಲಿಷ್ ಓದುಗರ ನಿದ್ದೆ ಕೆಡಿಸಿದ ಕಾದಂಬರಿ. ಪುಸ್ತಕವಾಗಿ ಬರುವವರೆಗೂ ತಡೆಯಲಾರದೆ ವಿಕ್ಟೋರಿಯಾ ರಾಣಿ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿಕೊಂಡು ಓದಿದಳೆಂಬ ಮಾತು ಇಂದಿಗೂ ಅದರ ಬೆನ್ನಿಗಿದೆ. ದೂರದ ಪರದೇಶ, ಅಲ್ಲಿನ ಹೆದ್ದಾರಿಗಳು, ಸವಿಮಾತಾಡಿ ಜೊತೆಗೂಡುವ ಪ್ರಯಾಣಿಕರು, ಕೊರಳಿಗೆ ಬೀಳುವ ರುಮಾಲು: ಆ ಓದುಗರಿಗೆ ಇದಕ್ಕಿಂತ ಹೆಚ್ಚಿನ ಸಾಹಸಕಥೆ ಬೇಕಿರಲಿಲ್ಲ. ಆದರೆ ಆ ಪರದೇಶ ನಮ್ಮದು. ಕಲಬುರಗಿಯಿಂದ ಹೊರಟು ಕಮಲಾಪುರ ದಾಟಿ ಹುಮನಾಬಾದ್ ಮುಟ್ಟಿದರೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಸಿಗುತ್ತದೆ. ಅದರ ಮೇಲೆ ಪಶ್ಚಿಮಕ್ಕೆ ಹೋದರೆ ನಳದುರ್ಗ. ಈ ಕಾದಂಬರಿ ಬರೆದ ಫಿಲಿಪ್ ಮೆಡೋಸ್ ಟೇಲರ್ ಮುಂದೆ ಅಧಿಕಾರಿಯಾಗಿ ಕೂತದ್ದು ಅದೇ ನಳದುರ್ಗದಲ್ಲಿ. ಅದಕ್ಕೂ ಮುಂಚೆ, 1841ರಿಂದ 1853ರವರೆಗೆ, ನಮ್ಮ ಸುರಪುರದಲ್ಲಿದ್ದ. ಅವನು ವಾಸವಿದ್ದ ಟೇಲರ್ ಮಂಜಿಲ್ ಸುರಪುರದ ಗುಡ್ಡದ ಮೇಲೆ ಈಗಲೂ ನಿಂತಿದೆ.

ಹೀಗಾಗಿ ಈ ಪುಸ್ತಕದ ಬಗ್ಗೆ ಎರಡು ಬಗೆಯ ಓದುಗರು, ಎರಡು ಬಗೆಯ ಅಭಿಪ್ರಾಯಗಳು. ಒಂದು, ಪರದೇಶದ ಕಥೆಯೆಂದು ಓದಿದವರದು. ಇನ್ನೊಂದು, ಆ ಪರದೇಶದೊಳಗೇ ಹುಟ್ಟಿ ಬೆಳೆದು, ಇಂಗ್ಲಿಷ್ ಕಲಿತ ಮೇಲೆ ಪುಸ್ತಕ ತೆರೆದವರದು. ಮೊದಲನೆಯವರ ಮಾತು ಬೇಕಾದಷ್ಟು ಅಚ್ಚಾಗಿದೆ. ಎರಡನೆಯವರ ಮಾತು ಇನ್ನೂ ಸರಿಯಾಗಿ ಬರವಣಿಗೆಗೆ ಇಳಿದಿಲ್ಲವೆಂಬ ಕೊರಗು ನನ್ನದು.

ಕಥೆ ಇಷ್ಟು. ಅಮೀರ್ ಅಲಿ ಎಂಬ ಠಗ್ಗ ಸೆರೆಯಲ್ಲಿ ಕೂತು ಒಬ್ಬ ಸಾಹೇಬನಿಗೆ ತನ್ನ ಬಾಳಿನ ಕಥೆ ಹೇಳುತ್ತಾನೆ. ಬಾಲ್ಯದಲ್ಲಿ ಅವನ ತಂದೆತಾಯಿಯನ್ನು ಕೊಂದ ತಂಡದ ಇಸ್ಮಾಯಿಲನೇ ಅವನನ್ನು ಮಗನಂತೆ ಸಾಕುತ್ತಾನೆ. ಹುಡುಗ ಬೆಳೆಯುತ್ತಾನೆ, ಪವಿತ್ರವೆನಿಸಿದ ಬೆಲ್ಲ ತಿಂದು ತಂಡಕ್ಕೆ ಸೇರುತ್ತಾನೆ, ಜಮಾದಾರನಾಗುತ್ತಾನೆ. ಹೈದರಾಬಾದಿಗೆ ಹೋಗುತ್ತಾನೆ, ಪ್ರೀತಿಸುತ್ತಾನೆ, ಪಿಂಡಾರಿ ಚೀತುವಿನ ದಂಡಿನ ಜೊತೆ ಲೂಟಿಗೂ ಇಳಿಯುತ್ತಾನೆ. ತಾನು ಕೊಂದವರಲ್ಲಿ ಒಬ್ಬಳು ತನ್ನ ಒಡಹುಟ್ಟಿದ ತಂಗಿ ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅವನ ಕೈಯಿಂದ ಅಥವಾ ಕಣ್ಣೆದುರು ಸತ್ತವರ ಲೆಕ್ಕ 719. ಸೆರೆಯಲ್ಲಿ ಹನ್ನೆರಡು ವರ್ಷ ಕಳೆಯದಿದ್ದರೆ ಸಾವಿರ ಮುಟ್ಟುತ್ತಿತ್ತೆಂದು ಅವನಿಗೆ ಕೊರಗು.

ಈ ಕಾದಂಬರಿಯ ಕಟ್ಟೋಣದಲ್ಲಿ ನನಗೆ ಎಲ್ಲಕ್ಕಿಂತ ಜಾಣತನದ್ದಾಗಿ ಕಂಡದ್ದು ಕೇಳುತ್ತ ಕೂತ ಆ ಸಾಹೇಬ. ಅವನೇ ಈ ಪುಸ್ತಕದ ಮೊದಲ ಓದುಗ. ಕೊಲೆಯ ವಿವರ ಕೇಳಿ ಅವನಿಗೆ ಮೈ ನಡುಗುತ್ತದೆ, ಆದರೆ ಎದ್ದು ಹೋಗುವುದಿಲ್ಲ. ಅಮೀರ್ ಅಲಿಯ ಠೀವಿ, ಅವನ ಉಡುಗೆ, ಅವನ ಮಾತಿನ ನಯ ಎಲ್ಲವನ್ನೂ ಮೆಚ್ಚುತ್ತಾನೆ. ಅಸಹ್ಯವನ್ನೂ ಮೋಹವನ್ನೂ ಒಟ್ಟಿಗೇ ಅನುಭವಿಸಲು ಲಂಡನ್ನಿನ ಓದುಗನಿಗೆ ಒಂದು ಪೀಠ ಬೇಕಿತ್ತು, ಟೇಲರ್ ಅದನ್ನು ಕಥೆಯೊಳಗೇ ಹಾಕಿಕೊಟ್ಟ. ಓದುಗ ಸಾಹೇಬನ ಪಕ್ಕದಲ್ಲಿ ಕೂರುತ್ತಾನೆ, ಅಪರಾಧಿ ಬೇಡಿಯಲ್ಲಿದ್ದಾನೆ, ಸರ್ಕಾರ ಎಚ್ಚರವಾಗಿದೆ. ಭಯಪಡಬಹುದು, ಅಪಾಯವಿಲ್ಲ. ‘ರೂಲ್ ಆಫ್ ಡಾರ್ಕ್‌ನೆಸ್’ (1988) ಬರೆದ ಪ್ಯಾಟ್ರಿಕ್ ಬ್ರಾಂಟ್ಲಿಂಗರ್‌ನಂಥ ವಿಮರ್ಶಕರು ಈ ಕಾದಂಬರಿಯನ್ನು ಸಾಮ್ರಾಜ್ಯದ ಕಣ್ಗಾವಲಿನ ಕಥೆಯಾಗಿ ಓದಿದ್ದಕ್ಕೆ ಕಾರಣ ಇಲ್ಲಿದೆ. ಆ ಓದು ಸರಿಯೇ. ಆದರೆ ಅದು ಸಾಹೇಬನ ಪೀಠದ ಬಗ್ಗೆ ಹೇಳುತ್ತದೆಯೇ ಹೊರತು ಹಾದಿಯ ಬಗ್ಗೆ ಹೇಳುವುದಿಲ್ಲ.

ಟೇಲರ್ ಇದನ್ನು ಕಾದಂಬರಿಯಾಗಿ ಬರೆಯಲು ಪ್ರೇರಣೆ ಕೊಟ್ಟವನು ಇಂಗ್ಲಿಷ್ ಕಾದಂಬರಿಕಾರ ಎಡ್ವರ್ಡ್ ಬುಲ್ವರ್. ಠಗ್ಗರ ಬಗ್ಗೆ ಟೇಲರ್ ಕಳಿಸಿದ್ದ ಲೇಖನ ನೋಡಿ, ತನಗೆ ಭಾರತದ ಪರಿಚಯವಿದ್ದಿದ್ದರೆ ಈ ವಸ್ತುವಿನ ಮೇಲೆ ಕಾದಂಬರಿಯನ್ನೇ ಬರೆಯುತ್ತಿದ್ದೆ, ನೀನೇಕೆ ಬರೆಯಬಾರದು ಎಂದು ಅವನು ಕೇಳಿದನಂತೆ. ಪುಸ್ತಕ ಬಂದ ಮೇಲೆ ಇಂಗ್ಲಿಷ್ ಓದುಗರು ಅದನ್ನು ಕಥೆಯಾಗಿ ಮೆಚ್ಚಿದರು, ಜೊತೆಗೆ ಅದನ್ನೇ ಸಾಕ್ಷಿಯಾಗಿ ನಂಬಿದರು. 1836ರಲ್ಲಿ ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ ‘ರಾಮಸೀಯಾನಾ’ ಎಂಬ ಹೆಸರಿನಲ್ಲಿ ಠಗ್ಗರ ಗುಪ್ತ ಭಾಷೆಯ ಪದಕೋಶ ಪ್ರಕಟಿಸಿದ್ದ. ಸರ್ಕಾರಿ ದಾಖಲೆ ಹಿಂದೆ, ಕಾದಂಬರಿ ಮುಂದೆ. ಎರಡರ ನಡುವಿನ ಗೆರೆ ಬೇಗ ಅಳಿಸಿಹೋಯಿತು. ಫ್ರಾನ್ಸಿನ ಯೂಜೀನ್ ಸ್ಯೂ ತನ್ನ ಜನಪ್ರಿಯ ಕಾದಂಬರಿ ‘ದಿ ವಾಂಡರಿಂಗ್ ಜ್ಯೂ’ದಲ್ಲಿ ಒಬ್ಬ ಠಗ್ಗನನ್ನು ತಂದ. 1952ರಲ್ಲಿ ಜಾನ್ ಮಾಸ್ಟರ್ಸ್ ‘ದಿ ಡಿಸೀವರ್ಸ್’ ಬರೆದ. 1984ರ ಇಂಡಿಯಾನಾ ಜೋನ್ಸ್ ಚಿತ್ರದ ಹೊತ್ತಿಗೆ ಠಗ್ಗನೆಂದರೆ ಕಾಳಿಯ ಮುಂದೆ ನರಬಲಿ ಕೊಡುವ ರಾಕ್ಷಸ. ಟೇಲರ್ ಬರೆದದ್ದರಲ್ಲಿ ಅಷ್ಟು ವಿಕಾರವಿಲ್ಲ, ಬಾಗಿಲು ತೆರೆದಿಟ್ಟವನು ಮಾತ್ರ ಅವನೇ.

ನಮ್ಮ ಕಡೆ ಇಂಥ ಕಥೆ ಕೇಳಿದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಇದು ಖರೇನೋ, ಸುಳ್ಳೋ? ಅದನ್ನು ಸಣ್ಣ ಪ್ರಶ್ನೆಯೆಂದು ತಳ್ಳಬಾರದು. ಇತಿಹಾಸಕಾರರೇ ಇದರ ಮೇಲೆ ಬಹಳ ಜಗಳವಾಡಿದ್ದಾರೆ. ಠಗ್ಗರೆಂಬುವರು ವಸಾಹತು ಸರ್ಕಾರದ ಕಲ್ಪನೆ ಎಂಬಷ್ಟು ದೂರ ಹೋದವರಿದ್ದಾರೆ. 2007ರಲ್ಲಿ ಕಿಮ್ ವ್ಯಾಗ್ನರ್ ಮಧ್ಯದ ದಾರಿ ಹಿಡಿದ: ಹಾದಿಗಳ್ಳರು ಇದ್ದರು, ಕತ್ತು ಹಿಸುಕಿ ಕೊಲ್ಲುತ್ತಿದ್ದದ್ದೂ ನಿಜ, ಆದರೆ ದೇಶವನ್ನೆಲ್ಲ ವ್ಯಾಪಿಸಿದ ದೇವಿಭಕ್ತ ಕೊಲೆಗಡುಕರ ಪಂಥ ಎಂಬುದು ಬ್ರಿಟಿಷರು ಕಟ್ಟಿದ ಚಿತ್ರ. ನನಗೂ ಇದೇ ಒಪ್ಪಿಗೆಯಾದ ಮಾತು.

ಆದರೆ ಕಲಬುರಗಿಯ ಓದುಗನಿಗೆ ಈ ಕಾದಂಬರಿ ಚುಚ್ಚುವ ಜಾಗ ಬೇರೊಂದಿದೆ. ಅದು ಭವಾನಿ. ಅಮೀರ್ ಅಲಿಯ ತಂಡದವರು, ಹಿಂದೂ ಮುಸ್ಲಿಂ ಎನ್ನದೆ, ಶಕುನ ಕೇಳುವುದು ಭವಾನಿಯ ಹೆಸರಲ್ಲಿ, ಕೊಲ್ಲುವುದೂ ಅವಳ ಹೆಸರಲ್ಲಿ. ಲಂಡನ್ನಿಗೆ ಅವಳು ರಕ್ತ ಬೇಡುವ ಒಂದು ವಿಚಿತ್ರ ವಿಗ್ರಹ. ನಮ್ಮ ಕಡೆ ತುಳಜಾಪುರದ ಅಂಬಾಭವಾನಿ ಎಷ್ಟೋ ಮನೆತನಗಳ ಮನೆದೇವರು. ನವರಾತ್ರಿಯ ಹೊತ್ತಿಗೆ ಕಲಬುರಗಿ, ಕಮಲಾಪುರ, ಆಳಂದ ಕಡೆಯಿಂದ ಜನ ಬರಿಗಾಲಲ್ಲಿ ನಡೆದುಕೊಂಡು ಅವಳ ದರ್ಶನಕ್ಕೆ ಹೋಗುತ್ತಾರೆ. ಹಾದಿಯುದ್ದಕ್ಕೂ ಅವರಿಗೆ ನೀರು, ಊಟ, ನೆರಳು ಕೊಡುವವರಿದ್ದಾರೆ. ಹಾದಿಯಲ್ಲಿ ನಡೆಯುವವರನ್ನು ಕಾಯುವವಳು ಎಂದು ನಂಬಿದ ದೇವಿಯನ್ನು ಹಾದಿಯಲ್ಲಿ ಕೊಲ್ಲುವವರ ದೇವಿಯಾಗಿ ಓದುವುದು ಕಷ್ಟ. ಇದು ಬರೀ ಭಕ್ತರ ಮುನಿಸಲ್ಲ, ಕಾದಂಬರಿಯ ದೋಷವೇ. ಒಂದು ಕಳ್ಳ ತಂಡದ ನಂಬಿಕೆಯನ್ನು ತೋರಿಸುವಾಗ ಆ ದೇವಿಯ ಸುತ್ತ ಬದುಕುವ ಸಾಮಾನ್ಯರ ನಂಬಿಕೆ ಪುಸ್ತಕದಲ್ಲಿ ಎಲ್ಲಿಯೂ ಎದುರಾಗುವುದಿಲ್ಲ. ತಂಡ ಊರೂರು ದಾಟುತ್ತದೆ, ಒಂದು ಜಾತ್ರೆಯೂ ಭಕ್ತರ ಜಾತ್ರೆಯಾಗಿ ಕಾಣುವುದಿಲ್ಲ.

ಈ ಕೊರತೆ ಟೇಲರನಿಗೂ ಗೊತ್ತಾಗಿರಬೇಕು ಎಂದು ನನ್ನ ಊಹೆ. 1863ರ ‘ತಾರಾ’ ಕಾದಂಬರಿಯನ್ನು ಅವನು ಕಟ್ಟಿದ್ದೇ ತುಳಜಾಪುರದ ಸುತ್ತ. ನಾಯಕಿ ಗುಡಿಯ ಶಾಸ್ತ್ರಿಗಳ ಮಗಳು. ನಳದುರ್ಗದಲ್ಲಿದ್ದ ವರ್ಷಗಳು ಅವನಿಗೆ ಆ ಗುಡಿಯನ್ನೂ ಅಲ್ಲಿಗೆ ಬರುವ ಜನರನ್ನೂ ಹತ್ತಿರದಿಂದ ತೋರಿಸಿದ್ದವು. ಮೊದಲ ಕಾದಂಬರಿಯ ಭವಾನಿಗೂ ‘ತಾರಾ’ದ ಭವಾನಿಗೂ ನಡುವಿರುವ ಅಂತರವೇ ಟೇಲರ್ ಈ ನೆಲದಲ್ಲಿ ಕಲಿತದ್ದರ ಅಳತೆ. ಲಂಡನ್ನಿನ ಓದುಗರು ಮಾತ್ರ ಮೊದಲನೆಯದನ್ನೇ ಹಿಡಿದುಕೊಂಡರು.

ಹಾಗೆಂದು ಅವರನ್ನಷ್ಟೇ ದೂರಿದರೆ ನ್ಯಾಯವಾಗದು. ಪರದೇಶದ ಸಾಹಸಕಥೆಯನ್ನು ಕನ್ನಡದವರು ಹೇಗೆ ಓದಿದ್ದೇವೆ? ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ಒಂದೇ ಉಸಿರಿಗೆ ಓದದವರು ನಮ್ಮ ಪೀಳಿಗೆಯಲ್ಲಿ ಕಡಿಮೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತ ಸೇರಿದ ಕಥೆ. ಮೂಲ ಲೇಖಕ ಸ್ಲಾವೊಮಿರ್ ರಾವಿಚ್ ಹೇಳಿಕೊಂಡಂತೆ ಅದು ಅವನದೇ ಅನುಭವ. 2006ರಲ್ಲಿ ಬಿಬಿಸಿ ಬೆಳಕಿಗೆ ತಂದ ದಾಖಲೆಗಳ ಪ್ರಕಾರ ಅವನನ್ನು 1942ರಲ್ಲಿ ಸೋವಿಯತ್ ಸರ್ಕಾರವೇ ಬಿಡುಗಡೆ ಮಾಡಿತ್ತು. ಕನ್ನಡಕ್ಕೆ ಬಂದ ಇನ್ನೊಂದು ಪಲಾಯನದ ಕಥೆ ‘ಪ್ಯಾಪಿಲಾನ್’ನ ಸತ್ಯಾಸತ್ಯದ ಮೇಲೂ ಇಂಥದೇ ಅನುಮಾನಗಳಿವೆ. ಇದು ತಿಳಿದ ಮೇಲೂ ‘ಮಹಾಪಲಾಯನ’ ನನಗೆ ಕಡಿಮೆಯದಾಗಿ ಕಂಡಿಲ್ಲ, ಏಕೆಂದರೆ ಅದರಲ್ಲಿ ನಡೆಯುವವರ ಹಸಿವು, ದಣಿವು, ಒಬ್ಬರನ್ನೊಬ್ಬರು ಬಿಟ್ಟುಕೊಡದ ಹಟ ನಂಬುವಂತಿವೆ. ಆದರೆ ದಾರಿಯಲ್ಲಿ ಸಿಗುವ ಮಂಗೋಲಿಯ, ಟಿಬೆಟ್ಟಿನ ಹಳ್ಳಿಗರು ಆ ಪುಸ್ತಕವನ್ನು ಓದಿದರೆ ಏನೆನ್ನುವರು ಎಂದು ನಾವು ಎಂದೂ ಕೇಳಲಿಲ್ಲ. ಅಲ್ಲಿ ನಾವೂ ಸಾಹೇಬನ ಪೀಠದಲ್ಲೇ ಕೂತಿದ್ದೆವು.

ಇಷ್ಟೆಲ್ಲ ಆದಮೇಲೂ ಅಮೀರ್ ಅಲಿಯ ಕಥೆಯಲ್ಲಿ ಉಳಿಯುವಂಥದ್ದು ಬಹಳವಿದೆ. ಹಾದಿಯ ಮೇಲಿನ ನಂಬಿಕೆಯನ್ನು ಇಷ್ಟು ಸೂಕ್ಷ್ಮವಾಗಿ ಬರೆದ ಪುಸ್ತಕ ಅಪರೂಪ. ಒಂಟಿ ಪ್ರಯಾಣಿಕನಿಗೆ ಕಳ್ಳರ ಭಯ. ಆ ಭಯದಿಂದಲೇ ಅವನು ಗುಂಪೊಂದನ್ನು ಸೇರುತ್ತಾನೆ, ಆ ಗುಂಪೇ ಠಗ್ಗರದು. ದಿನಗಟ್ಟಲೆ ಜೊತೆಗೆ ನಡೆಯುತ್ತಾರೆ, ಒಲೆ ಹಚ್ಚುತ್ತಾರೆ, ಕಥೆ ಹೇಳುತ್ತಾರೆ, ನಗುತ್ತಾರೆ. ಆಮೇಲೊಂದು ರಾತ್ರಿ ತಂಬಾಕು ತರಲು ಹೇಳುವ ಸಂಜ್ಞೆ ಬೀಳುತ್ತದೆ. ಸಬ್ಜಿ ಖಾನ್ ಎಂಬ ಮುದಿ ಸಿಪಾಯಿಯನ್ನು ಅಮೀರ್ ಅಲಿ ಮನಸಾರೆ ಮೆಚ್ಚುತ್ತಾನೆ, ಮೆಚ್ಚುತ್ತಲೇ ಅವನ ಸಾವಿಗೆ ಸಿದ್ಧನಾಗುತ್ತಾನೆ. ಟೇಲರನಿಗೆ ಈ ತಿಳಿವಳಿಕೆ ಬಂದದ್ದು ಕೇಳಿದ್ದರಿಂದಷ್ಟೇ ಅಲ್ಲ. ಹಿಂಗೋಲಿಯ ದಂಡಿನ ನೆಲೆಯಲ್ಲಿ ಅವನೂ ಇತರ ಇಂಗ್ಲಿಷರೂ ವ್ಯವಹಾರ ಮಾಡುತ್ತಿದ್ದ ಮರ್ಯಾದಸ್ಥ ವ್ಯಾಪಾರಿ ಹರಿಸಿಂಗ್ ಠಗ್ಗರ ನಾಯಕನೆಂದು ಆಮೇಲೆ ಹೊರಬಿತ್ತು. ಪುಸ್ತಕದ ನಿಜವಾದ ಭಯ ಇಲ್ಲಿದೆ, ಭವಾನಿಯ ಮುಂದಿನ ಬೆಲ್ಲದಲ್ಲಲ್ಲ.

ಅದರ ನಿಜವಾದ ವೈಫಲ್ಯವೂ ಇದರ ಪಕ್ಕದಲ್ಲೇ ಇದೆ. ಸತ್ತ ಪ್ರಯಾಣಿಕರು ಹಾದಿಯಲ್ಲಿ ಎಷ್ಟು ಜೀವಂತವಾಗಿ ಮಾತಾಡಿದರೂ ಮಣ್ಣಾದ ಮೇಲೆ ಅವರಿಗಾಗಿ ಕಾದವರು ಕಥೆಯೊಳಗೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ. ಎಷ್ಟೋ ಕೊಲೆಗಳು ಕೊಲೆಯೆಂದು ತಿಳಿಯದೆ ಹೋದದ್ದೇ ಆ ಕಾಲದ ದುರಂತ. ಯಾತ್ರೆಗೆ ಹೋದವನು, ವ್ಯಾಪಾರಕ್ಕೆ ಹೋದವನು, ಪಗಾರ ಪಡೆದು ಊರಿಗೆ ಹೊರಟ ಸಿಪಾಯಿ ಮನೆ ಮುಟ್ಟಲಿಲ್ಲ, ಅಷ್ಟೇ. ಆ ಮನೆಯ ಕಡೆಯಿಂದ ಒಂದು ಅಧ್ಯಾಯವಿದ್ದಿದ್ದರೆ ಇದು ದೊಡ್ಡ ಕಾದಂಬರಿಯಾಗುತ್ತಿತ್ತು. ಹೆಂಗಸರ ಪಾತ್ರಗಳೂ ಹಾಗೆಯೇ: ಜೋಹ್ರಾ, ಅಜೀಮಾ ಇಬ್ಬರೂ ಅಮೀರ್ ಅಲಿಯ ಸಾಹಸಕ್ಕೆ ಬಣ್ಣ ಕೊಡುವವರಾಗಿಯೇ ಉಳಿದರು.

ನನ್ನ ಕಡೆಯ ಓದುಗರು ಟೇಲರನನ್ನು ಅಮೀರ್ ಅಲಿಯಿಂದ ಶುರು ಮಾಡಬೇಕಿಲ್ಲ. ಚಾಂದ್‌ಬೀಬಿಯ ಕಾಲದ ಮೇಲೆ ಅವನು ಬರೆದ ‘ಎ ನೋಬಲ್ ಕ್ವೀನ್’ ಅವನು ತೀರಿಹೋದ ಮೇಲೆ 1878ರಲ್ಲಿ ಬಂತು. ಅದರ ಆರಂಭದ ಜಲದುರ್ಗ, ಕೃಷ್ಣೆಯ ಪ್ರವಾಹ, ಬೇಡರು ಎಲ್ಲ ಕಣ್ಣಿಂದ ಕಂಡು ಬರೆದಂಥವು. ಅದಕ್ಕಿಂತಲೂ ಮೇಲಿನದು 1877ರ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’. ಸುರಪುರದ ಬಾಲರಾಜ ವೆಂಕಟಪ್ಪ ನಾಯಕ, ರಾಣಿ ಈಶ್ವರಮ್ಮ, ಬೋನಾಳದ ಕೆರೆ, ಜೇವರ್ಗಿ ಮತ್ತು ರಾಜನಕೋಳೂರಿನ ಪ್ರಾಚೀನ ಕಲ್ಲುಗೋರಿಗಳು ಆ ಪುಟಗಳಲ್ಲಿವೆ. 1858ರ ಫೆಬ್ರವರಿಯಲ್ಲಿ ಬ್ರಿಟಿಷರೊಂದಿಗೆ ನಡೆದ ಸುರಪುರದ ಕಾಳಗ, ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದ ರಾಜನನ್ನು ಹೈದರಾಬಾದಿನ ಸೆರೆಯಲ್ಲಿ ಕಂಡ ಗಳಿಗೆ, ಚೆಂಗಲ್‌ಪೇಟೆಗೆ ಒಯ್ಯುವ ದಾರಿಯಲ್ಲಿ ಗುಂಡಿಗೆ ರಾಜ ಸತ್ತದ್ದು: ಯಾವ ಸಾಹಸ ಕಾದಂಬರಿಯೂ ಇದರ ಮುಂದೆ ನಿಲ್ಲುವುದಿಲ್ಲ. ಅದು ಆತ್ಮಹತ್ಯೆಯೆಂದು ಟೇಲರ್ ಬರೆದ. ನಮ್ಮಲ್ಲಿ ಅದನ್ನು ನಂಬದವರಿದ್ದಾರೆ, ಆ ಅಪನಂಬಿಕೆಗೂ ತನ್ನ ಬಲವಿದೆ. ಪಿಸ್ತೂಲು ಯಾರದು, ರಾಜನ ಪಕ್ಕದಲ್ಲಿ ಯಾರಿದ್ದರು, ಹೇಳಿದವರು ಯಾರು ಎಂದು ಸುರಪುರದ ಓದುಗ ಸಾಲು ಸಾಲಿಗೆ ನಿಂತು ಕೇಳುತ್ತಾನೆ. ಅಮೀರ್ ಅಲಿಯ ಮಾತಿಗೆ ಲಂಡನ್ನಿನಲ್ಲಿ ಯಾರೂ ಹೀಗೆ ಅಡ್ಡ ಪ್ರಶ್ನೆ ಹಾಕಲಿಲ್ಲ.