ತೂತು ತಗಡಿನಿಂದ ಚಿತ್ರ ದಿನಚರಿಗೆ: ನಮ್ಮ ಮನೆಗಳ ಕಸ, ಸ್ಟೆನ್ಸಿಲ್ ಮತ್ತು ಕನ್ನಡ ಅಕ್ಷರ

ಕೆಲವು ವರ್ಷಗಳ ಹಿಂದೆ, ಚಳಿಗಾಲದ ಒಂದು ಶುಕ್ರವಾರ, ಇಲ್ಲಿ ಬಹರೈನ್‌ನಲ್ಲಿ ನಡೆದ ಮಕ್ಕಳ ಸ್ಪರ್ಧೆಯೊಂದರ ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬಳಾಗಿದ್ದೆ. ವಿಷಯ ‘ಆರ್ಟ್ ಜರ್ನಲ್’. ಅಂದರೆ ಬಣ್ಣ, ಅಂಟಿಸಿದ ಕಾಗದ, ಬಟ್ಟೆ ಚೂರು, ಅಚ್ಚು, ಬರಹ ಎಲ್ಲವನ್ನೂ ಸೇರಿಸಿ ಮಾಡುವ ಚಿತ್ರ ದಿನಚರಿ. ಮರುಬಳಕೆಯ ವಸ್ತುಗಳನ್ನು ಬಳಸಬೇಕೆಂಬುದು ನಿಯಮ.

ಮೊದಲ ಬಹುಮಾನ ಪಡೆದ ಪುಸ್ತಕ ಬಹಳ ಚೊಕ್ಕವಾಗಿತ್ತು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಸ್ಟೆನ್ಸಿಲ್‌ಗಳಿಂದ ಮೂಡಿದ ಚಿಟ್ಟೆ, ನವಿಲು, ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಡ್ರೀಮ್’, ‘ಸ್ಮೈಲ್’. ಬಹುಮಾನ ಸಿಗದ ಪುಸ್ತಕಗಳಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳದ್ದೂ ಇತ್ತು. ಊರಿಗೆ ಸಾಮಾನು ಕಳಿಸಲೆಂದು ತಂದು, ವಿಳಾಸ ಬರೆದ ಮೇಲೆ ಚಿಕ್ಕದಾಯಿತೆಂದು ಬಿಟ್ಟ ಕಾರ್ಗೋ ಡಬ್ಬಿಯ ರಟ್ಟು ಅದರ ಹೊದಿಕೆ. ಅಪ್ಪನ ಕೈಬರಹದ ವಿಳಾಸ ಅರ್ಧ ಉಳಿದಿತ್ತು. ಒಳಗೆ ಖುಬ್ಬೂಸ್ ರೊಟ್ಟಿಯ ಚೀಲ, ಅಂಗಡಿ ರಸೀದಿ, ಅಮ್ಮನ ಹಳೆಯ ರವಿಕೆಯ ಚೂರು. ಒಂದು ಪುಟದಲ್ಲಿ ತಾನೇ ಕೊರೆದ ಸ್ಟೆನ್ಸಿಲ್‌ನಿಂದ ‘ಮಂಗಳೂರು’ ಎಂದು ಮೂಡಿಸಿದ್ದಳು. ಸೊನ್ನೆ ಎರಡು ಕಡೆ ತುಂಡಾಗಿತ್ತು, ‘ರು’ ಕೂಡ ಹಾಗೆಯೇ. ‘ಅಕ್ಷರಗಳು ಒಡೆದಿವೆ, ಅಚ್ಚುಕಟ್ಟಿಲ್ಲ’ ಎಂದು ಅಂಕಪಟ್ಟಿಯಲ್ಲಿ ಬರೆದವಳು ನಾನೇ.

ಆ ತೀರ್ಪು ತಪ್ಪು ಎಂದು ನನಗೆ ತಿಳಿದದ್ದು ತಿಂಗಳುಗಳ ನಂತರ, ನಾನೇ ಒಂದು ಕನ್ನಡ ಸ್ಟೆನ್ಸಿಲ್ ಕೊರೆಯಲು ಕುಳಿತಾಗ. ಈ ಲೇಖನ ಆ ತಪ್ಪಿನ ವಿಮರ್ಶೆ. ಇಂಥ ಪುಸ್ತಕಗಳನ್ನು ನಾವು ಹೇಗೆ ನೋಡಬೇಕು ಎಂಬ ವಿಚಾರವೂ ಹೌದು.

ಸ್ಟೆನ್ಸಿಲ್ ಎಂದರೇನು?

ಕೊರೆದ ಹಾಳೆಯ ಖಾಲಿ ಜಾಗದಿಂದ ಬಣ್ಣ ಕೆಳಗಿಳಿದು ರೂಪ ಪಡೆಯುವುದೇ ಸ್ಟೆನ್ಸಿಲ್. ಇದು ಮನುಷ್ಯನ ಅತಿ ಹಳೆಯ ಚಿತ್ರಕಲೆಗಳಲ್ಲೊಂದು. ಇಂಡೋನೇಷ್ಯಾದ ಸುಲಾವೆಸಿಯ ಗುಹೆಯೊಂದರಲ್ಲಿ ಗೋಡೆಯ ಮೇಲೆ ಅಂಗೈ ಇಟ್ಟು ಸುತ್ತ ಬಣ್ಣ ಊದಿದ ಗುರುತಿದೆ. ಅದು ಸುಮಾರು 40 ಸಾವಿರ ವರ್ಷ ಹಳೆಯದೆಂದು 2014ರಲ್ಲಿ ಸಂಶೋಧಕರು ಪ್ರಕಟಿಸಿದರು. ಆಧುನಿಕ ಕಲೆಯಲ್ಲಿ ಬ್ರಾಕ್ 1911ರಲ್ಲೇ ಕ್ಯಾನ್ವಾಸಿನ ಮೇಲೆ ಸ್ಟೆನ್ಸಿಲ್ ಅಕ್ಷರಗಳನ್ನು ಮೂಡಿಸಿದ. ಜರ್ಮನಿಯ ಕುರ್ಟ್ ಶ್ವಿಟರ್ಸ್ ಮೊದಲ ಮಹಾಯುದ್ಧದ ನಂತರ ಟ್ರಾಮ್ ಟಿಕೆಟು, ಹರಿದ ಕಾಗದ, ಬೀದಿಯಲ್ಲಿ ಸಿಕ್ಕ ಚೂರುಗಳನ್ನು ಅಂಟಿಸಿ ಚಿತ್ರ ಕಟ್ಟಿದ. ಇಂದಿನ ಆರ್ಟ್ ಜರ್ನಲ್‌ಗಳ ಪೂರ್ವಜರಲ್ಲಿ ಇವರೂ ಸೇರುತ್ತಾರೆ.

ನಮಗೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ತೂತು ಕೊರೆದ ತಗಡಿನ ರಂಗೋಲಿ ಅಚ್ಚು ನಮ್ಮಲ್ಲಿ ಅನೇಕರ ಮನೆಯಲ್ಲಿತ್ತು. ಪುಡಿ ಹಾಕಿ ಕೈಯಾಡಿಸಿದರೆ ಹೊಸಿಲ ಮುಂದೆ ಕಮಲ ಅರಳುತ್ತಿತ್ತು. ಉಳಿದ ಬಟ್ಟೆಗೆ ಉತ್ತರ ಕರ್ನಾಟಕದ ಕೌದಿ ಇತ್ತು. ಹಳೆಯ ಸೀರೆ, ಧೋತರ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಹೊದಿಕೆ ಅದು. ಯಾವ ಚೌಕ ಯಾರ ಸೀರೆಯದೆಂದು ಅಜ್ಜಿಯರು ಬೆರಳಿಟ್ಟು ಹೇಳಬಲ್ಲರು. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ತಮ್ಮ ಕವಂದಿಯನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಲ್ಲಿ ‘ಫೂಲ್’ ಎಂಬ ಮಡಿಸಿದ ಬಟ್ಟೆಯ ಹೂ ಇಡದೆ ಕೆಲಸ ಮುಗಿಯುವುದಿಲ್ಲ. ಚಳಿಗೆ ಹೊದೆಯಲು ಆ ಹೂ ಬೇಕಿಲ್ಲ. ಆದರೂ ಅದಿಲ್ಲದೆ ಕವಂದಿ ಪೂರ್ಣವಲ್ಲ. ಆಟಕ್ಕೂ ಕೆಲಸಕ್ಕೂ ಅಲ್ಲಿ ಬೇರೆ ಬೇರೆ ಲೆಕ್ಕವಿಲ್ಲ.

ನಾವು ಬದುಕುತ್ತಿರುವ ದ್ವೀಪಕ್ಕೂ ಅಚ್ಚಿನ ನಂಟು ಹಳೆಯದು. ಮನಾಮದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ದಿಲ್ಮುನ್ ಕಾಲದ ದುಂಡು ಮುದ್ರೆಗಳಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಮೆದು ಕಲ್ಲಿನಲ್ಲಿ ಮನುಷ್ಯರನ್ನೂ ಪ್ರಾಣಿಗಳನ್ನೂ ಕೊರೆದು ಜೇಡಿಮಣ್ಣಿನ ಮೇಲೆ ಒತ್ತುತ್ತಿದ್ದರು. ಮುಹರ್ರಕ್‌ನ ಶೇಖ್ ಈಸಾ ಬಿನ್ ಅಲಿ ಮನೆಗೆ ಮಕ್ಕಳನ್ನು ಕರೆದೊಯ್ದವರು ಗೋಡೆಗಳ ಜಿಪ್ಸಂ ಕೆತ್ತನೆಯನ್ನು ನೋಡಿರುತ್ತೀರಿ. ಬಕ್ರೀದ್ ಸಮಯದಲ್ಲಿ ಇಲ್ಲಿನ ಮಕ್ಕಳು ಖರ್ಜೂರದ ಗರಿಯ ಪುಟ್ಟ ಬುಟ್ಟಿಯಲ್ಲೋ ಹಳೆಯ ಡಬ್ಬಿಯಲ್ಲೋ ಸಸಿ ಬೆಳೆಸಿ, ‘ಹಿಯ್ಯಾ ಬಿಯ್ಯಾ’ ಎಂದು ಹಾಡುತ್ತ ಕಡಲಿಗೆ ಎಸೆಯುತ್ತಾರೆ. ಉಳಿದ ವಸ್ತುವಿನಿಂದ ಆಟ, ಆಟದಿಂದ ಹಬ್ಬ!

ನಮ್ಮ ಸ್ಪರ್ಧೆಗಳಲ್ಲಿ ತಪ್ಪುತ್ತಿರುವುದು ಎಲ್ಲಿ?

ಶಾಲೆಯಲ್ಲಿ ‘ಬೆಸ್ಟ್ ಔಟ್ ಆಫ್ ವೇಸ್ಟ್’ ಎಂದರೆ ಅಪ್ಪ ಹಿಂದಿನ ರಾತ್ರಿ ಅಂಗಡಿಗೆ ಓಡುವುದು ನಮಗೆಲ್ಲ ಗೊತ್ತಿರುವ ಕಥೆ. ಹೊಸ ಐಸ್‌ಕ್ರೀಮ್ ಕಡ್ಡಿಯ ಪೊಟ್ಟಣ, ಹೊಸ ಕಾಗದದ ತಟ್ಟೆ, ಹೊಸ ಥರ್ಮೋಕೋಲು. ಕಸ ಮಾಡಲು ದಿನಾರು ಖರ್ಚು! ಆರ್ಟ್ ಜರ್ನಲ್ ಕೂಡ ಈಗ ಕಿಟ್ ರೂಪದಲ್ಲಿ ಸಿಗುತ್ತದೆ. ಹಳೆಯದರಂತೆ ಕಾಣುವ ಹೊಸ ಕಾಗದ, ಹರಿದಂತೆ ಮುದ್ರಿಸಿದ ಟಿಕೆಟು, ಯಾರೂ ಪ್ರಯಾಣ ಮಾಡದ ಊರುಗಳ ಅಂಚೆಮುದ್ರೆ ಅದರಲ್ಲಿರುತ್ತವೆ. ನೋಡಲು ಚೆಂದ, ಆದರೆ ಅದರಲ್ಲಿ ಮಗುವಿನ ಒಂದು ದಿನವೂ ಇಲ್ಲ.

ಅಂಗಡಿಯ ಸ್ಟೆನ್ಸಿಲ್ ಬೇಡವೆಂದು ನಾನು ಹೇಳುತ್ತಿಲ್ಲ. ಡ್ಯೂಟಿ ಮುಗಿಸಿ ಬಂದ ತಾಯಿ ಮಗುವಿನ ಜೊತೆ ಅರ್ಧ ಗಂಟೆ ಬಣ್ಣ ಆಡಲು ಅದು ಸುಲಭದ ದಾರಿ. ಕೈ ನಡುಗುವ ಮಗುವಿಗೆ ಧೈರ್ಯವನ್ನೂ ಕೊಡುತ್ತದೆ. ನನ್ನ ಆಕ್ಷೇಪ ನಮ್ಮಂಥ ತೀರ್ಪುಗಾರರ ಬಗ್ಗೆ. ಕಾರ್ಖಾನೆಯ ಚೊಕ್ಕತನವನ್ನೇ ಕಲೆಯೆಂದು ಭಾವಿಸಿ ನಾವು ಅಂಕ ಕೊಡುತ್ತೇವೆ. ಮಕ್ಕಳು ಅದನ್ನು ಬೇಗ ಕಲಿಯುತ್ತಾರೆ.

ಬಳಸಿ ಬಿಟ್ಟ ವಸ್ತುವಿಗೆ ಎಷ್ಟು ಶಕ್ತಿಯಿದೆ ಎಂಬುದನ್ನು ತೋರಿಸಿಕೊಟ್ಟವರು ನಮ್ಮವರೇ ಆದ ಶೀಲಾ ಗೌಡ. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಈ ಕಲಾವಿದೆಯ ಕೃತಿಗಳು 2009ರಲ್ಲಿ ವೆನಿಸ್ ಬಿನಾಲೆಯಲ್ಲೂ ಪ್ರದರ್ಶನಗೊಂಡವು. 2006ರ ಅವರ ‘ಡಾರ್ಕ್‌ರೂಮ್’ ಎಂಬ ಕೃತಿ ರಸ್ತೆ ಕೆಲಸದ ಡಾಂಬರು ಡ್ರಮ್ಮುಗಳಿಂದ ಕಟ್ಟಿದ ಗೂಡು. ಬಗ್ಗಿ ಒಳಹೊಕ್ಕರೆ ಕತ್ತಲು, ತಲೆಯ ಮೇಲಿನ ತಗಡಿನಲ್ಲಿ ಕೊರೆದ ಸಣ್ಣ ತೂತುಗಳಿಂದ ನಕ್ಷತ್ರಗಳಂತೆ ಬೆಳಕು. ಡ್ರಮ್ಮಿನ ಕಲೆ, ತುಕ್ಕು, ತಗ್ಗುಗಳನ್ನು ಅವರು ಮುಚ್ಚಿಲ್ಲ. ರಸ್ತೆ ಹಾಕುವವರ ಬದುಕು ಆ ಗುರುತುಗಳಲ್ಲೇ ಉಳಿದಿದೆ. ಅದರ ಬಗ್ಗೆ ಓದುವಾಗ ನನಗೆ ಹೊಸಿಲ ಮುಂದಿನ ತೂತು ತಗಡು ನೆನಪಾಗಿತ್ತು. ಕಾರ್ಗೋ ಡಬ್ಬಿಯ ರಟ್ಟಿಗೆ ಬಣ್ಣ ಬಳಿಯದೆ ಅಪ್ಪನ ಅಕ್ಷರ ಉಳಿಸಿಕೊಂಡ ಹುಡುಗಿಯೂ ಮಾಡಿದ್ದು ಇದೇ ಕೆಲಸ.

ಸೊನ್ನೆ ಏಕೆ ಒಡೆದಿತ್ತು?

ಈಗ ನನ್ನ ತಪ್ಪಿಗೆ ಬರುತ್ತೇನೆ. ಹಾಲಿನ ರಟ್ಟಿನ ಪೊಟ್ಟಣ ಸ್ಟೆನ್ಸಿಲ್‌ಗೆ ಒಳ್ಳೆಯದು, ಒಳಪದರ ಬಣ್ಣ ಹೀರುವುದಿಲ್ಲ. ಹಳೆಯ ಎಕ್ಸ್‌ರೇ ಹಾಳೆ ಇನ್ನೂ ಗಟ್ಟಿ. ನಾನು ಪೊಟ್ಟಣ ಬಿಡಿಸಿ, ‘ಅಂಗಳ’ ಎಂದು ಬರೆದು ಕತ್ತರಿಸಿದೆ. ಸೊನ್ನೆಯ ಸುತ್ತ ಬ್ಲೇಡು ತಿರುಗಿ ಬಂದ ಕೂಡಲೇ ನಡುವಿನ ಬಿಲ್ಲೆ ಕಳಚಿ ಬಿತ್ತು. ಸ್ಪಂಜಿನಿಂದ ಬಣ್ಣ ಒತ್ತಿದರೆ ಸೊನ್ನೆಯ ಬದಲು ದೊಡ್ಡ ಚುಕ್ಕೆ ಮೂಡಿತು. ಒಳಗಿನ ಬಿಲ್ಲೆ ನಿಲ್ಲಬೇಕಾದರೆ ಅದನ್ನು ಹೊರಗಿನ ಹಾಳೆಗೆ ಹಿಡಿದಿಡುವ ಸಣ್ಣ ಪಟ್ಟಿಗಳನ್ನು ಕತ್ತರಿಸದೆ ಬಿಡಬೇಕು. ಕಸುಬಿನವರು ಅದನ್ನು ‘ಸೇತುವೆ’ ಎನ್ನುತ್ತಾರೆ, ಒಳಗಿನ ಬಿಲ್ಲೆಯನ್ನು ‘ದ್ವೀಪ’ ಎನ್ನುತ್ತಾರೆ. 1986ರಿಂದ 25 ಕಿಲೋಮೀಟರ್ ಸೇತುವೆಯೊಂದನ್ನು ನೆಚ್ಚಿಕೊಂಡ ದ್ವೀಪದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಹುಡುಗಿಯ ಸೊನ್ನೆ ಒಡೆದಿರಲಿಲ್ಲ. ಅವಳು ಸೇತುವೆ ಬಿಟ್ಟಿದ್ದಳು. ದುಂಡನೆಯ ಕನ್ನಡದಲ್ಲಿ ಇಂಥ ಮುಚ್ಚಿದ ಜಾಗಗಳು ಬಹಳ. ‘ಠ’ದ ಒಳಗಂತೂ ವೃತ್ತವೂ ಇದೆ, ಚುಕ್ಕೆಯೂ ಇದೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸಲು ಅಕ್ಷರದ ಒಳಗನ್ನೂ ಹೊರಗನ್ನೂ ತಿಳಿದಿರಬೇಕು. ಮನೆಯಲ್ಲಿ ಮಾತ್ರ ಕನ್ನಡ ಕೇಳುವ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಅರಬ್ಬಿ ಬರೆಯುವ ಮಗು ‘ಮಂಗಳೂರು’ ಎಂಬ ಪದದ ಒಂದೊಂದು ತಿರುವನ್ನೂ ಬ್ಲೇಡಿನ ತುದಿಯಲ್ಲಿ ಸುತ್ತಿ ಬಂದಿದ್ದಳು. ಕಾಪಿ ಪುಸ್ತಕದಲ್ಲಿ ನೂರು ಸಲ ತಿದ್ದಿದರೂ ಬಾರದ ಪರಿಚಯ ಅದು. ಆ ಪರಿಚಯದ ಗುರುತನ್ನೇ ನಾನು ದೋಷವೆಂದು ಬರೆದಿದ್ದೆ.

ಮುಂದೇನು?

ಸಂಘದ ಸದಸ್ಯರಲ್ಲಿ ನನ್ನದು ಸಣ್ಣ ವಿನಂತಿ. ಮುಂದೆ ಇಂಥ ಸ್ಪರ್ಧೆ ನಡೆಸುವಾಗ ತೀರ್ಪುಗಾರರು ಪುಸ್ತಕವನ್ನಷ್ಟೇ ನೋಡದೆ ಮಗುವಿನ ಪಕ್ಕದಲ್ಲಿ ಐದು ನಿಮಿಷ ಕುಳಿತು, ಈ ಚೂರು ಎಲ್ಲಿಯದು, ಇದನ್ನು ಹೇಗೆ ಮಾಡಿದೆ ಎಂದು ಕೇಳಲಿ. ಕನ್ನಡ ಕಲಿಸುವ ತರಗತಿಗಳಲ್ಲಿ ಒಂದು ದಿನ ಹಾಲಿನ ಪೊಟ್ಟಣಗಳನ್ನು ತರಿಸಿ ಅಕ್ಷರ ಕೊರೆಸೋಣ. ಬ್ಲೇಡು ದೊಡ್ಡವರ ಕೈಯಲ್ಲಿರಲಿ, ಸೇತುವೆ ಎಲ್ಲಿ ಬೇಕೆಂದು ಮಕ್ಕಳು ಹೇಳಲಿ. ಬಿಲ್ಲೆ ಬಿದ್ದು ಹೋದರೆ ಅದನ್ನೂ ಪುಟದಲ್ಲಿ ಅಂಟಿಸಲಿ, ಚಂದ್ರನಾದೀತು.

ನಮ್ಮ ಬದುಕು ಇಲ್ಲಿ ವೀಸಾದ ಅವಧಿಗೆ ಕಟ್ಟಿದ್ದು. ಹೊರಡುವ ದಿನ ಬಂದಾಗ ಪೀಠೋಪಕರಣ ಮಾರುತ್ತೇವೆ, ಆಟಿಕೆ ಹಂಚುತ್ತೇವೆ, ವಿಮಾನದ ತೂಕಕ್ಕೆ ಹೆದರಿ ಪುಸ್ತಕ ಬಿಡುತ್ತೇವೆ. ಆ ಹುಡುಗಿಯ ಕುಟುಂಬವೂ ಕಳೆದ ವರ್ಷ ಊರಿಗೆ ಮರಳಿತು. ರಟ್ಟಿನ ಹೊದಿಕೆಯ ಆ ದಿನಚರಿ ಅವರ ಪೆಟ್ಟಿಗೆಯಲ್ಲಿ ಹೋಯಿತೋ, ಕಟ್ಟಡದ ಕೆಳಗಿನ ಕಸದ ತೊಟ್ಟಿಗೆ ಬಿತ್ತೋ, ಕೇಳುವ ಧೈರ್ಯ ನನಗಾಗಲಿಲ್ಲ. ಈ ಲೇಖನ ಅವರ ಮನೆಗೂ ತಲುಪಿದರೆ ಇಷ್ಟು ತಿಳಿಯಲಿ: ಮಗಳೇ, ನಿನ್ನ ಸೊನ್ನೆ ಸರಿಯಾಗಿಯೇ ಇತ್ತು.