ಒಂದು ‘ಎಸ್’ ಅಕ್ಷರ ಮತ್ತು ನಮ್ಮ ವ್ಯಾಕರಣ ಪಾಠ

‘ಮೈ ಫಾದರ್ ಆರ್ ಎ ಫಾರ್ಮರ್’ ಎಂದು ಬರೆದ ಮಗುವಿನ ವಾಕ್ಯಕ್ಕೆ ಕೆಂಪು ಗೆರೆ ಬೀಳುತ್ತದೆ. ಮಗು ಹಾಗೇಕೆ ಬರೆಯಿತು ಎಂದು ಯಾರೂ ಕೇಳುವುದಿಲ್ಲ. ‘ಅಪ್ಪ ಹೊಲಕ್ಕೆ ಹೋಗಿದ್ದಾರೆ’ ಎನ್ನುವ ಮನೆಯಲ್ಲಿ ಬೆಳೆದ ಮಗು ಅದು. ಹಿರಿಯರಿಗೆ ಬಹುವಚನದ ಕ್ರಿಯಾಪದ ಸಲ್ಲಬೇಕೆಂದು ಬಲ್ಲದು. ಅದರ ತಪ್ಪಿನ ಹಿಂದೆ ಒಂದು ವ್ಯಾಕರಣವೇ ಇದೆ.

ನಮ್ಮಲ್ಲಿ ಕರ್ತೃ–ಕ್ರಿಯಾಪದ ಹೊಂದಾಣಿಕೆಯ ಪಾಠಕ್ಕೆ ತಲೆಮಾರುಗಳಿಂದ ಆಧಾರವಾಗಿರುವುದು ರೆನ್ ಮತ್ತು ಮಾರ್ಟಿನ್ ಅವರ ಇಂಗ್ಲಿಷ್ ವ್ಯಾಕರಣ. ಅದರ ಶಿಸ್ತು ದೊಡ್ಡದು. ‘ಈಚ್’, ‘ಎವ್ರಿ’, ‘ನೈದರ್–ನಾರ್’, ಸಮೂಹವಾಚಕಗಳು, ಎಲ್ಲಕ್ಕೂ ಅಲ್ಲಿ ಖಚಿತ ನಿಯಮಗಳಿವೆ. ‘ದ ಬಾಕ್ಸ್ ಆಫ್ ಮ್ಯಾಂಗೋಸ್’ ಎಂದಾಗ ಪಕ್ಕದ ಮಾವಿನಹಣ್ಣುಗಳಿಗೆ ಮರುಳಾಗದೆ ಪೆಟ್ಟಿಗೆಯನ್ನೇ ಹಿಡಿದು ‘ಈಸ್’ ಬರೆಯಬೇಕೆಂಬ ಎಚ್ಚರವನ್ನು ಅದು ಕಲಿಸುತ್ತದೆ. ಆದರೆ ದೇಶಕ್ಕೆಲ್ಲ ಒಂದೇ ಆದ ಪುಸ್ತಕಕ್ಕೆ ಕನ್ನಡದ ಮಗು ಎಲ್ಲಿ ಎಡವುತ್ತದೆಂದು ತಿಳಿಯದು. ಅದನ್ನು ತಿಳಿದು ಹೇಳಬೇಕಾದವರು ನಾವು. ನಾವೋ ನಿಯಮಗಳನ್ನು ಉರುಹಚ್ಚಿಸಿ, ಬಿಟ್ಟ ಸ್ಥಳ ತುಂಬಿಸಿ ಮುಗಿಸುತ್ತೇವೆ.

ಹೊಂದಾಣಿಕೆ ಕನ್ನಡಿಗರಿಗೆ ಹೊಸದಲ್ಲ. ಬಂದೆ, ಬಂದೆವು, ಬಂದಿರಿ, ಬಂದನು, ಬಂದಳು, ಬಂದವು: ನಮ್ಮ ಕ್ರಿಯಾಪದ ಪುರುಷ, ಲಿಂಗ, ವಚನ ಮೂರನ್ನೂ ಹೊತ್ತು ನಿಲ್ಲುತ್ತದೆ. ಇಂಗ್ಲಿಷಿಗೂ ಹಿಂದೆ ಇಂಥ ಪ್ರತ್ಯಯಗಳ ಸಂಪತ್ತಿತ್ತು. ಅದು ಸವೆದು, ‘ಬಿ’ ಕ್ರಿಯಾಪದವನ್ನು ಬಿಟ್ಟರೆ, ವರ್ತಮಾನಕಾಲದಲ್ಲಿ ‘ಹಿ’, ‘ಷಿ’, ‘ಇಟ್’ಗಳಿಗೆ ಸೇರುವ ‘ಎಸ್’ ಒಂದೇ ಉಳಿದಿದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾದ ಹಳ್ಳಿಮಾತಿನಲ್ಲಿ ಅದೂ ಬಿದ್ದುಹೋಗಿ ‘ಷಿ ಗೋ’ ಎನ್ನುವುದಿದೆ. ಆ ‘ಎಸ್’ ಮರೆತ ಮಗುವನ್ನು ದಡ್ಡ ಎನ್ನುವುದು ಅನ್ಯಾಯ.

ನಿಜವಾದ ತೊಡಕು ಎರಡು ಭಾಷೆಗಳ ದಾರಿ ಕವಲೊಡೆಯುವಲ್ಲಿದೆ. ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ: ‘ಇಲ್ಲ’ ಬರುವ ನಿಷೇಧದಲ್ಲಿ ನಮ್ಮ ಕ್ರಿಯಾಪದ ಯಾರಿಗೂ ಬದಲಾಗದು. ‘ಷಿ ಡೋಂಟ್ ನೋ’ ಎಂಬ ತಪ್ಪಿಗೆ ಇದೂ ದಾರಿಮಾಡುತ್ತದೆ. ‘ಎರಡು ಹಸು ಇದೆ’ ಎಂಬ ಆಡುಮಾತು ‘ದೇರ್ ಈಸ್ ಟೂ ಕೌಸ್’ ಎಂದಾಗುತ್ತದೆ. ಹಾಗೆಯೇ ನಮ್ಮ ಮಾತು ನೆರವಾಗುವ ಕಡೆಗಳೂ ಇವೆ. ‘ಅವಳು ಹೋಗಬೇಕು, ಅವರು ಹೋಗಬೇಕು’ ಎಂಬುದರಲ್ಲಿ ‘ಬೇಕು’ ಬದಲಾಗದಂತೆಯೇ ಇಂಗ್ಲಿಷಿನಲ್ಲಿ ‘ಮಸ್ಟ್’ ಬದಲಾಗದು. ಇಷ್ಟು ತೋರಿಸಿದರೆ ‘ಷಿ ಮಸ್ಟ್ ಗೋಸ್’ ಎಂದು ಮಗು ಏಕೆ ಬರೆದೀತು?

ಪಾರಿಭಾಷಿಕ ಪದಗಳಲ್ಲೂ ಒಂದು ಮುಳ್ಳಿದೆ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಎಂದರೆ ‘ನಾನು’; ನಮ್ಮ ಪ್ರಥಮ ಪುರುಷ ಎಂದರೆ ‘ಅವನು, ಅವಳು’. ಎರಡೂ ವ್ಯಾಕರಣಗಳನ್ನು ಶ್ರದ್ಧೆಯಿಂದ ಓದಿದ ಮಗುವೇ ಇಲ್ಲಿ ಹೆಚ್ಚು ಗೊಂದಲಕ್ಕೆ ಬೀಳುತ್ತದೆ.

ಕನ್ನಡವನ್ನು ಸಂಸ್ಕೃತದ ಕಣ್ಣಿನಿಂದ ನೋಡಬಾರದು, ಅದಕ್ಕೆ ಅದರದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು. ಅವರ ಮಾತು ಇಂಗ್ಲಿಷ್ ತರಗತಿಗೂ ಒಂದು ಪಾಠ. ಕನ್ನಡವನ್ನು ಬಾಗಿಲಾಚೆ ನಿಲ್ಲಿಸಿ ಇಂಗ್ಲಿಷ್ ಕಲಿಸುವ ಪದ್ಧತಿ ಮಗುವಿನ ಅರ್ಧ ಬುದ್ಧಿಯನ್ನೂ ಆಚೆಗೇ ನಿಲ್ಲಿಸುತ್ತದೆ. ಕರಿಹಲಗೆಯ ಮೇಲೆ ‘ಬರುವುದಿಲ್ಲ’ ಮತ್ತು ‘ಡಸಂಟ್ ಕಮ್’ ಅಕ್ಕಪಕ್ಕ ಬರಲಿ. ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರಾಗುತ್ತವೆ ಎಂದು ಮಕ್ಕಳೇ ಗುರುತಿಸಲಿ. ಕೆಂಪು ಶಾಯಿ ಅದಾದ ಮೇಲೆ ಸಾಕು.